ಕದರಯ್ಯ ಸಾಗಿಸಿದ ಫಾರಿನ್ ವಾಚು

ಸರಕು ತೂಗುವ ಕಣ್ಣಿನಿಂದ ನೋಡಿದರೆ ಕಂಡಕ್ಟರ್ ಕದರಯ್ಯ ಮೊದಲ ದರ್ಜೆಯ ಮಾಲಲ್ಲ. ಎತ್ತರ ಸುಮಾರು, ಬಣ್ಣ ಎಣ್ಣೆಗಪ್ಪು, ಖಾಕಿ ಅಂಗಿಯ ಒಂದು ಜೇಬು ಚಿಲ್ಲರೆಯ ಭಾರಕ್ಕೆ ಸದಾ ಜೋತುಬಿದ್ದಿರುತ್ತಿತ್ತು. ಅಂಗಡಿಯಲ್ಲಾದರೆ ಹಿಂದಿನ ಸಾಲಿನಲ್ಲಿ ಇಡುತ್ತಿದ್ದೆ. ಆದರೆ ಗುಬ್ಬಿಯಿಂದ ತುಮಕೂರು ಹಾದು ಕುಣಿಗಲ್ಲಿಗೆ ಹೋಗುವ ಆ ಖಾಸಗಿ ಬಸ್ಸಿನಲ್ಲಿ ಜನ ಅವನ ಕೈಗೆ ಏನನ್ನು ಬೇಕಾದರೂ ಒಪ್ಪಿಸುತ್ತಿದ್ದರು: ಔಷಧಿ, ಒಡವೆ, ಹೊಲಿಸಿದ ರವಿಕೆ, ಒಮ್ಮೆ ಜೀವಂತ ಹುಂಜ. ರಸೀದಿ ಇಲ್ಲ, ಸಹಿ ಇಲ್ಲ. "ಕದ್ರಯ್ಯನ ಕೈಲಿ ಕಳ್ಸಿದೀನಿ" ಅಂದರೆ ಮುಗಿಯಿತು. ಆ ಮಾತು ಕಿವಿಗೆ ಬಿದ್ದರೆ ಅವನು ಸೀಟಿ ಊದುವುದೇ ಬೇರೆ ಥರ.

ಎಂಬತ್ತಮೂರನೇ ಇಸವಿ. ವಾಚಿನ ಕಾರ್ಖಾನೆ ಇರುವ ತುಮಕೂರಿನಲ್ಲೇ ಜನಕ್ಕೆ ಫಾರಿನ್ ವಾಚಿನ ಹುಚ್ಚು. ಸೀರೆ, ಫ್ಯಾನ್ಸಿ ಸಾಮಾನು ಮಾರುವ ನನ್ನ ಅಂಗಡಿಗೆ ಬರುತ್ತಿದ್ದ ಚಿನ್ನದ ಬಣ್ಣದ ವಾಚುಗಳ ಮೇಲೆ ಸ್ವಿಟ್ಜರ್ಲೆಂಡ್ ಎಂದು ಬರೆದಿತ್ತು. ಅವು ಹಡಗು ಹತ್ತಿದವಲ್ಲ. ಕೇಳಿದವರಿಗೆ ನಿಜ ಹೇಳುತ್ತಿದ್ದೆ. ಕೇಳದವರನ್ನು ಕರೆದು ಹೇಳುವಷ್ಟು ದೊಡ್ಡ ಮನುಷ್ಯ ನಾನಲ್ಲ.

ಗುಬ್ಬಿಯ ಗುಂಡಯ್ಯ ಕೇಳಿದ. ಡೂಪ್ಲಿಕೇಟು ಎಂದೆ.

"ಇರ್ಲಿ ಬುಡಿ ಸಾವ್ಕಾರ್ರೇ, ನೋಡಾಕೆ ಚೆಂದಾಗೈತಲ್ಲ. ಡಬ್ಬಿ ಒಸಿ ದೊಡ್ಡದು ಕೊಡಿ."

ಪಕ್ಕದಲ್ಲಿ ಟೀ ಕುಡಿಯುತ್ತಿದ್ದ ಕದರಯ್ಯ ಎಲ್ಲವನ್ನೂ ಕೇಳಿಸಿಕೊಂಡ. ಕುಣಿಗಲ್ಲಿಗೆ ಮುಟ್ಟಿಸು ಎಂದು ಗುಂಡಯ್ಯ ಡಬ್ಬಿಯನ್ನು ಅವನ ಕೈಗೇ ಕೊಟ್ಟ. ಅಲ್ಲಿ ಗುಂಡಯ್ಯನ ತಂಗಿ ಸುಬ್ಬಲಕ್ಷ್ಮಮ್ಮನ ಮಗನ ಮದುವೆ. ಅಣ್ಣ ತಂಗಿ ಮಾತು ಬಿಟ್ಟು ಎಷ್ಟೋ ವರ್ಷವಾಗಿತ್ತು. ಆ ಕಡೆಯಿಂದ ಮುಯ್ಯಿ ಬರುತ್ತದೆಂದು ಯಾರೂ ಎಣಿಸಿರಲಿಲ್ಲ. ಪಾರ್ಸೆಲ್ ಬಿಚ್ಚಿ ಆಕೆ ಚಪ್ಪರದಲ್ಲೇ ಅತ್ತಳಂತೆ. ಅಳು ನೋಡಿದ ಮೇಲೆ ಕದರಯ್ಯನ ಬಾಯಿ ಕಟ್ಟಿಹೋಯಿತು.

ಮುಯ್ಯಿ ಎಂದರೆ, ಬಂದದ್ದಕ್ಕಿಂತ ಕಡಿಮೆಯಿಲ್ಲದ್ದನ್ನು ಅವರ ಮನೆಯ ಮದುವೆಗೆ ತಿರುಗಿ ಮಾಡಬೇಕು. ಮರುವರ್ಷ ಗುಂಡಯ್ಯನ ಮಗಳ ಮದುವೆ ಬಂತು. ಸುಬ್ಬಲಕ್ಷ್ಮಮ್ಮ ತನ್ನ ಮದುವೆಯಲ್ಲಿ ಸೊಂಟಕ್ಕೆ ಕಟ್ಟಿದ ಬೆಳ್ಳಿ ಡಾಬನ್ನೇ ಗಂಟು ಕಟ್ಟಿ ಕದರಯ್ಯನ ಕೈಗಿಟ್ಟಳು.

"ಫಾರಿನ್ ವಾಚ್ ಕೊಟ್ಟೋನ್ಗೆ ಸ್ಟೀಲ್ ತಪ್ಪಲೆ ಕಳ್ಸೋಕಾಯ್ತದಾ ಕದ್ರಯ್ಯ?"

ಅವನು ತುಮಕೂರಿನಲ್ಲಿ ಇಳಿದು ನೇರ ನನ್ನ ಅಂಗಡಿಗೆ ಬಂದ. ಗಂಟು ಗಾಜಿನ ಮೇಲೆ ಇಟ್ಟ.

"ಇದನ್ನ ಗುಬ್ಬಿಗೆ ಮುಟ್ಸೋಕಾಯ್ತಿಲ್ಲ ಸಾವ್ಕಾರ್ರೇ. ನೀವೊಂದ್ ಮಾತು ಆಯಮ್ಮಂಗೆ ಹೇಳಿ."

"ಗಿರಾಕಿ ಗುಟ್ಟು ನಾನ್ ಹೇಳಕಾಗುತ್ತೇನಯ್ಯಾ? ನೀನು ತಗೊಂಡೋಗಿ ಕೊಡೋನು ಅಷ್ಟೇ."

"ಒಳ್ಗೇನೈತೆ ಅಂತ ಗೊತ್ತಿಲ್ದಿದ್ರೆ ಅಷ್ಟೇ. ಗೊತ್ತಿತ್ತಲ್ಲ."

"ಒಂದ್ ವರ್ಷದಿಂದ ಗೊತ್ತಿದೆ. ಇವತ್ತು ಏಕ್‌ದಂ ಧರ್ಮರಾಯ ಆಗ್ಬಿಟ್ಯಾ?"

ಅವನು ನಗಲಿಲ್ಲ. "ಆಯಮ್ಮ ಬಸ್ ಹತ್ತಿದಾಗೆಲ್ಲ ಟಿಕೆಟ್ ಕೊಟ್ಟು ಆ ಕಡೆ ತಿರುಗ್ಕೊತಿದ್ದೆ" ಎಂದ. ಗಂಟೆತ್ತಿಕೊಂಡು ಮುಂದಿನ ಬಸ್ಸಿಗೆ ಕುಣಿಗಲ್ಲಿಗೇ ಹಿಂತಿರುಗಿದ.

ಅಲ್ಲಿ ಏನಾಯಿತೆಂದು ನನಗೆ ಹೇಳಿದವಳು ಸುಬ್ಬಲಕ್ಷ್ಮಮ್ಮನೇ. ಸೊಸೆಯ ಜೊತೆ ನನ್ನ ಅಂಗಡಿಗೆ ಸೀರೆ ಕೊಳ್ಳಲು ಬಂದಳು, ಗುಬ್ಬಿಯ ಮದುವೆಗೆ.

"ನಾನೇ ಕೊಂಡೋಗ್ತೀನಿ. ಕಂಡಕ್ಟ್ರ ಕೈಲಿ ಕಳ್ಸೋ ಕಾಲ ಹೋಯ್ತು ಕಣಪ್ಪ."

ಕದರಯ್ಯ ಗಂಟನ್ನು ಜಗುಲಿಯ ಮೇಲಿಟ್ಟು, ವಾಚು ಅಸಲಿಯಲ್ಲ ಎಂದನಂತೆ. ಆಕೆಗೆ ಮೊದಲು ಹೊಳೆದದ್ದು ಅಣ್ಣನೇ ಮೋಸ ಹೋಗಿರಬೇಕೆಂದು. "ನಮ್ಮಣ್ಣಂಗೆ ಟೋಪಿ ಹಾಕ್ದೋನ್ಯಾರು? ಯಾವನ ಅಂಗ್ಡಿ ಅದು?" ಎಂದು ಹಿಡಿದುಕೊಂಡಳು. ಕದರಯ್ಯ ಹೇಳಿದನಂತೆ: "ಅಂಗ್ಡಿ ಅಲ್ಲಕ್ಕ. ಬಸ್‌ಸ್ಟ್ಯಾಂಡಲ್ಲಿ ಅಗ್ಗಕ್ಕೆ ಸಿಕ್ತು. ಅಸ್ಲಿ ಮಾಲು ಅಂತ ನಿಮ್ಮಣ್ಣನ್ನ ನಂಬ್ಸಿ ಕೊಡ್ಸಿದ್ದು ನಾನೇ."

ಅಗ್ಗದ ಮುಯ್ಯಿಗೆ ಒಂದು ಸೀರೆ ಸಾಕಾಯಿತು. ಡಾಬು ಪೆಟ್ಟಿಗೆಯೊಳಗೆ ಉಳಿಯಿತು. ಅಣ್ಣ ಅಕ್ಕರೆಯ ಅಣ್ಣನಾಗಿಯೇ ಉಳಿದ. ನನ್ನ ಅಂಗಡಿ ಹೆಸರಿಲ್ಲದೆ ಉಳಿಯಿತು. ಕದರಯ್ಯನ ಲೆಕ್ಕದಲ್ಲಿ ಮಾತ್ರ ಏನೂ ಉಳಿಯಲಿಲ್ಲ.

"ಕದ್ರಯ್ಯನ್ನ ಮನೆ ಮಗನ ಥರ ನಂಬಿದ್ನಲ್ಲ ನಾನು" ಎನ್ನುತ್ತಾ ಆಕೆ ಮೊಣಕೈ ಊರಿದ್ದ ಗಾಜಿನ ಕೆಳಗೆ ಅದೇ ಜಾತಿಯ ವಾಚುಗಳು ಸಾಲಾಗಿ ಮಲಗಿದ್ದವು. ನಾನು ಇನ್ನೆರಡು ಸೀರೆ ತೆಗೆದು ಗಾಜಿನ ಮೇಲೆ ಹರಡಿದೆ.

"ಕಾಲ ಹಂಗಿದೆ ಬಿಡಿ ತಾಯಿ" ಎಂದೆ. ಆಕೆ ಕೇಳಿದ್ದಕ್ಕಿಂತ ಹೆಚ್ಚೇ ಬೆಲೆ ಇಳಿಸಿದೆ. ನಿಮ್ಮಂಥ ನಂಬಿಕಸ್ತರು ಅಪರೂಪ ಎಂದು ಹೇಳಿ ಹೋದಳು.

ಆಮೇಲೆ ಕುಣಿಗಲ್ ಕಡೆಯವರು ಅವನ ಕೈಗೆ ಒಂದು ನಿಂಬೆಹಣ್ಣನ್ನೂ ಕೊಡಲಿಲ್ಲ. ಸುದ್ದಿ ಗುಬ್ಬಿಗೂ ಹಬ್ಬಿತು. ನಿಜ ಬಲ್ಲ ಗುಂಡಯ್ಯ ತುಟಿ ಬಿಚ್ಚಲಿಲ್ಲ. ನಾನೂ ಬಿಚ್ಚಲಿಲ್ಲ. ಒಂದು ದಿನ ಬಸ್ಸಿನ ಹತ್ತಿರ ಹೋಗಿ "ಯಾಕಯ್ಯಾ ಹಂಗಂದೆ?" ಎಂದು ಕೇಳಿದೆ.

"ಗೊತ್ತಿದ್ದೂ ಮುಟ್ಸಿದ್ದು ನಾನೇ ಅಲ್ವಾ" ಎಂದ. "ಟೈಮಾಯ್ತು, ಪಕ್ಕಕ್ ಬನ್ನಿ ಸಾವ್ಕಾರ್ರೇ."

ಸುಬ್ಬಲಕ್ಷ್ಮಮ್ಮ ಇನ್ನೂ ಇದ್ದಾಳೆ. ಆ ವಾಚು ಮಾರಿದ್ದು ನನ್ನ ಅಂಗಡಿ, ಕದರಯ್ಯ ಯಾರಿಗೂ ಟೋಪಿ ಹಾಕಲಿಲ್ಲ. ಇಷ್ಟನ್ನು ಆಕೆಯ ಜಗುಲಿಯಲ್ಲಿ ನಿಂತು ಹೇಳುವುದು ನಾನು ಕದರಯ್ಯನಿಗೆ ತೀರಿಸಬೇಕಾದ ಋಣ.