ದೊರೆಯ ಚೀಲ

ಚಿನ್ನಮನೂರಿನಿಂದ ಕಂಬಂ ಊರಿನ ಕಡೆಗೆ ಹೊರಟ ಬಸ್ಸು. ನಿಲ್ಲಲೂ ಜಾಗವಿಲ್ಲ; ಹೆಗಲಿಗೆ ಚೀಲ ಹಾಕಿಕೊಂಡು ನಾನೂ ನಿಂತಿದ್ದೆ. ನನ್ನ ಪಕ್ಕ ಬಿಳಿಯ ಪ್ರವಾಸಿಯೊಬ್ಬ ದೊಡ್ಡ ಚೀಲ ಹೊತ್ತು ಬೆವರುತ್ತಿದ್ದ. ಬಾಗಿಲ ಬಳಿಯ ಒಂಟಿ ಸೀಟಿನಿಂದ ಅಜ್ಜಿಯೊಬ್ಬಳು ಕೈ ಚಾಚಿ, "ಇಲ್ಲಿ ಕೊಡು ದೊರೆ" ಎಂದಳು. ತಮಿಳು ಬಸ್ಸಿನಲ್ಲಿ ಕನ್ನಡ! ಅವನೋ ಕಳ್ಳರನ್ನು ಕಂಡವನಂತೆ ಚೀಲವನ್ನು ಅವುಚಿಕೊಂಡ.

"ಇವನು ಯಾವ ಸೀಮೆ ದೊರೆ ಅಜ್ಜಿ?" ಎಂದೆ.

"ನಮ್ಮವ್ವನ ಕಾಲ್ದಲ್ಲಿ ಮಲೆ ಮೇಲಿನ ಟೀ ತೋಟದ ಬಿಳಿಯನ್ನ ದೊರೆ ಅಂತಿದ್ರು ತಂಬಿ. ಅವ್ನು ಬಂದ್ರೆ ದಾರಿ ಬಿಟ್ಟು ಗದ್ದೆಗಿಳಿದು ನಿಲ್ಬೇಕು. ಆಮೇಲೆ, ಕುಂತಲ್ಲೇ ನೀರು ಕೇಳೋ ನನ್ನ ಗಂಡನ್ನ ನಾನೇ ದೊರೆ ಅಂತಿದ್ದೆ. ಇವ್ನು ಪಾಪ, ನಿಂತಿರೋ ದೊರೆ."

ಅಷ್ಟರಲ್ಲಿ ಅವನು ಸುತ್ತ ನೋಡಿದ. ಕೂತವರ ಮಡಿಲಲ್ಲೆಲ್ಲ ನಿಂತವರ ಚೀಲಗಳು. ನಾಚಿ ನಕ್ಕು, ತನ್ನದನ್ನೂ ಕೊಟ್ಟ.

ಹನುಮಂತನಪಟ್ಟಿ ಬಂತು, ಇಳಿಯಲು ಅಜ್ಜಿ ಎದ್ದಳು. ಆ ಸೀಟಿನ ಮೇಲೆ ನನಗೂ ಕಣ್ಣಿತ್ತು. ಆದರೆ ಅಜ್ಜಿ ಅವನ ತೋಳು ಹಿಡಿದು ಕೂರಿಸಿ, ಚೀಲ ಒಪ್ಪಿಸಿ ಇಳಿದುಹೋದಳು. ನಾನು ಮುಖ ಊದಿಸಿಕೊಂಡು ನಿಂತೆ.

ದೊರೆ ತನ್ನ ಚೀಲವನ್ನು ಕಾಲ ಬಳಿ ಇಳಿಸಿ, ನನ್ನ ಚೀಲಕ್ಕೆ ಎರಡೂ ಕೈ ಚಾಚಿದ.