ಹದಿನಾಲ್ಕು ಇಂಚಿನ ಕುತ್ತಿಗೆ

ಆ ಹೊಲಿಗೆ ಮನೆಯಲ್ಲಿ ಅವಳನ್ನು ಕಾಲರಕ್ಕ ಎಂದು ಕರೆಯದವರಿಲ್ಲ. ಮೊದಲ ಮಹಡಿಯ ಉದ್ದನೆಯ ಒಂದು ಕೋಣೆ, ಹನ್ನೊಂದು ಮಿಷನ್ನು, ಕಿಟಕಿಯ ಪಕ್ಕದಲ್ಲಿ ಬಟ್ಟೆ ಕತ್ತರಿಸುವ ಮೇಜು, ಮೂಲೆಯಲ್ಲಿ ಇಸ್ತ್ರಿ. ಶಾಲೆಗೆ, ಆಸ್ಪತ್ರೆಗೆ, ಬಸ್ಸಿನ ಕಂಪನಿಗೆ ಯೂನಿಫಾರ್ಮ್ ಹೊಲಿದು ಕೊಡುವುದು ಅವರ ಕಸುಬು. ತೋಳು ಜೋಡಿಸುವವರು ಬಂದರು, ಹೋದರು. ಗುಂಡಿ ಹಾಕುವವರು ಬಂದರು, ಹೋದರು. ಕಾಲರಿನ ಮಿಷನ್ನಿನ ಮುಂದೆ ಮಾತ್ರ ಇಪ್ಪತ್ತೆರಡು ವರ್ಷದಿಂದ ಅವಳೇ.

ಅವಳಿಂದ ಅಲ್ಲಿ ಇನ್ನೊಂದು ಉಪಕಾರವೂ ಆಗುತ್ತಿತ್ತು. ಹದಿನಾಲ್ಕು ಇಂಚಿನ ಕಾಲರು ಅವಳ ಕುತ್ತಿಗೆಗೆ ಅಳತೆ ಕೊಟ್ಟು ಮಾಡಿಸಿದಂತೆ ಕೂರುತ್ತಿತ್ತು. ಗುಂಡಿ ಹಾಕಿದ ಮೇಲೆ ಸರಿಯಾಗಿ ಒಂದು ಬೆರಳು ತೂರಬೇಕು; ತೂರುತ್ತಿತ್ತು. ಹೆಂಗಸರ ಶರ್ಟಿನ ಹೊಸ ಆರ್ಡರ್ ಬಂದಾಗಲೆಲ್ಲ ಮೊದಲು ಹೊಲಿದ ಕಾಲರನ್ನು ಹೊಲಿಗೆ ಮನೆ ನಡೆಸುವ ಮಾಸ್ಟರು ಅವಳ ಕುತ್ತಿಗೆಗೇ ಹಾಕಿ ನೋಡುತ್ತಿದ್ದರು. ಅದು ಕೂತರೆ ಹದಿನಾಲ್ಕು ಸರಿ, ಹದಿನಾಲ್ಕು ಸರಿಯಾದರೆ ಮಿಕ್ಕ ಸೈಜುಗಳೂ ಸರಿ. ಮೇಜಿನ ಮೇಲೆ ಟೇಪು ಬಿದ್ದಿರುತ್ತಿತ್ತು ನಿಜ, ಆದರೆ ಟೇಪಿಗಿಂತ ಅವಳ ಕುತ್ತಿಗೆಯ ಮೇಲೆ ಎಲ್ಲರಿಗೂ ಹೆಚ್ಚು ನಂಬಿಕೆ. ಅವಳಿಗೂ ಅದೊಂದು ಹೆಮ್ಮೆ.

ನಲವತ್ತಾರು ತುಂಬುವ ಹೊತ್ತಿಗೆ ಕೂತು ಕೂತು ಮಂಡಿ ಹಿಡಿದುಕೊಳ್ಳತೊಡಗಿತು. ಕಾಲೇಜಿಗೆ ಹೋಗುವ ಮಗಳು ಪಟ್ಟು ಹಿಡಿದಳು: ತೂಕ ಇಳಿಸಲೇಬೇಕು. ಫ್ರಿಜ್ಜಿನ ಬಾಗಿಲಿಗೆ ಪಟ್ಟಿ ಅಂಟಿಸಿದಳು. ಬೆಳಗ್ಗೆ ಒಂದು ಮೊಟ್ಟೆ, ಮಧ್ಯಾಹ್ನ ಸೌತೆಕಾಯಿ ಮತ್ತು ಎರಡೇ ಎರಡು ಬ್ರೆಡ್ಡು, ಸಂಜೆ ಬೇಯಿಸಿದ ತರಕಾರಿ. ಚಹಾಕ್ಕೆ ಸಕ್ಕರೆ ಬಂದ್. ಕೆಲಸಕ್ಕೆ ಬಸ್ಸು ಬಿಟ್ಟು ನಡಿಗೆ, ಹೋಗುತ್ತ ನಲವತ್ತು ನಿಮಿಷ, ಬರುತ್ತ ನಲವತ್ತು. ಕಾಲರಕ್ಕ ಹಿಡಿದ ಕೆಲಸ ಬಿಡುವವಳಲ್ಲ, ಪಟ್ಟಿಯನ್ನು ಅಕ್ಷರ ಬಿಡದೆ ಪಾಲಿಸಿದಳು. ಯಾರದೋ ಹುಟ್ಟುಹಬ್ಬಕ್ಕೆ ಕೇಕು ಕತ್ತರಿಸಿದರೆ ಅವಳು ಮಿಷನ್ನಿಗೆ ಎಣ್ಣೆ ಬಿಡುವ ನೆಪ ತೆಗೆದು ಎದ್ದು ಹೋಗುತ್ತಿದ್ದಳು.

ಮೊದಲ ತಿಂಗಳು ಅರವತ್ತೆಂಟು ಕಿಲೋ ಇದ್ದದ್ದು ಅರವತ್ತೊಂಬತ್ತೂವರೆ ಆಯಿತು. ನೀರಿನ ತೂಕ ಇರಬೇಕು ಎಂದಳು ಮಗಳು. ಎರಡನೇ ತಿಂಗಳು ಎಪ್ಪತ್ತೊಂದು. ತೂಕದ ಯಂತ್ರ ಕೆಟ್ಟಿದೆ ಎಂದು ಗಂಡ ಅದರ ಸೆಲ್ಲು ಬದಲಿಸಿದ. ಅವನು ಪೈಪು ನಲ್ಲಿ ರಿಪೇರಿ ಮಾಡುವವನು, ಏನೇ ಕೆಟ್ಟರೂ ಮೊದಲು ಬಿಚ್ಚಿ ನೋಡುವ ಪೈಕಿ. ಹೊಸ ಸೆಲ್ಲು ಹಾಕಿದ ಮೇಲೆ ಎಪ್ಪತ್ತೆರಡು ತೋರಿಸಿತು. "ನಿಂಗೆ ಗಾಳಿ ಕುಡಿದ್ರೂ ಮೈ ಬರುತ್ತೆ ನೋಡು, ಇನ್ಮೇಲೆ ಉಸಿರಾಡೋದನ್ನೂ ಪಟ್ಟಿಗೆ ಸೇರಿಸ್ಬೇಕು" ಎಂದು ನಕ್ಕ. ಅವಳೂ ನಕ್ಕಳು, ನಗದೆ ಇನ್ನೇನು ಮಾಡುವುದು?

ಮೂರನೇ ತಿಂಗಳ ಕೊನೆಯ ಭಾನುವಾರ ಎಪ್ಪತ್ಮೂರು. ಮಗಳು ಯಂತ್ರದ ಮುಂದೆ ಕುಕ್ಕರಗಾಲಲ್ಲಿ ಕೂತು ಅಂಕಿ ನೋಡಿದಳು, ಅಮ್ಮನ ಮುಖ ನೋಡಿದಳು.

"ಅಮ್ಮ, ನಿಜ ಹೇಳು. ನಾನು ಬೈಯಲ್ಲ."

"ಏನೇ ನಿಜ?"

"ಕೆಲಸದ ಹತ್ರ ಏನಾದ್ರೂ ತಿಂತೀಯಾ? ಬಿಸ್ಕತ್ತು, ಕೇಕು... ಒಂದೊಂದ್ಸಲ ನಮಗೇ ಗೊತ್ತಾಗಲ್ಲಮ್ಮ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಆ ಮೆತ್ತಗಿನ ದನಿಯನ್ನು ತಡೆದುಕೊಳ್ಳಲಾಗಲಿಲ್ಲ. ಎಂದೂ ಸುಳ್ಳು ಹೇಳಬಾರದು ಎಂದು ತಾನೇ ಕೈ ಹಿಡಿದು ಬೆಳೆಸಿದ ಮಗಳು, ಈಗ ತನ್ನನ್ನೇ ಕಳ್ಳಿಯ ಹಾಗೆ ನೋಡುತ್ತಿದ್ದಾಳೆ. "ಇಲ್ಲ ಪುಟ್ಟ" ಎಂದಳು, ಅಷ್ಟೇ. ಮರುದಿನ ಸಂಜೆ ಮನೆಯಲ್ಲಿ ಊಟದ ಡಬ್ಬಿ ತೆಗೆಯಲು ಹೋದರೆ ಚೀಲವನ್ನು ಯಾರೋ ತಡಕಿದ್ದು ತಿಳಿಯಿತು, ಕನ್ನಡಕದ ಪೆಟ್ಟಿಗೆ ಮೇಲಿನ ಖಾನೆಗೆ ಬಂದಿತ್ತು. ಅಂದಿನಿಂದ ಅವಳು ಸಂಜೆಯ ತರಕಾರಿಯನ್ನೂ ಬಿಟ್ಟಳು. ಬರಬರುತ್ತ ಅವಳಿಗೇ ಸಂಶಯ ಶುರುವಾಯಿತು. ಮೈಮರೆತು ಏನಾದರೂ ಬಾಯಿಗೆ ಹಾಕಿಕೊಳ್ಳುತ್ತಿದ್ದೇನೆಯೇ ಎಂದು ಬೆರಳು ಮೂಸಿ ನೋಡಿಕೊಳ್ಳುವ ಮಟ್ಟಕ್ಕೆ ಬಂದಳು. ಮೆಟ್ಟಿಲು ಹತ್ತಿದರೆ ಸುಸ್ತು, ಎಲ್ಲರೂ ಫ್ಯಾನು ಹಾಕಿದರೆ ಇವಳಿಗೆ ಚಳಿ.

ಇಂಥ ಹೊತ್ತಿನಲ್ಲೇ ಟಿಕೆಟ್ ಕೌಂಟರಿನಲ್ಲಿ ಕೂರುವ ಹೆಂಗಸರಿಗೆ ಅರವತ್ತು ಶರ್ಟಿನ ಆರ್ಡರ್ ಬಂತು. ಕುತ್ತಿಗೆಗೆ ಪುಟ್ಟ ಟೈ, ಹಾಗಾಗಿ ಮೇಲಿನ ಗುಂಡಿಯವರೆಗೂ ಹಾಕಲೇಬೇಕು. ಕತ್ತರಿಸಿದವಳು ಹೊಸಬಳು. ಬಂದು ಒಂದೂವರೆ ವರ್ಷವಾಗಿದ್ದರೂ, ಅವಳ ನಂತರ ಯಾರೂ ಸೇರದ ಕಾರಣ ಅವಳಿಗೆ ಆ ಹೆಸರು ಅಂಟಿಕೊಂಡಿತ್ತು. ನಲವತ್ತು ದಾಟಿದವಳು, ಮಾತು ಕಡಿಮೆ, ಕತ್ತರಿ ಹಿಡಿದರೆ ತಲೆ ಎತ್ತದವಳು.

ಮಾಸ್ಟರು ಮೊದಲ ಕಾಲರನ್ನು ಕಾಲರಕ್ಕನ ಕುತ್ತಿಗೆಗೆ ಸುತ್ತಿದರು. ಗುಂಡಿ ಕಾಜಕ್ಕೆ ಮುಟ್ಟಲಿಲ್ಲ. ಎಳೆದು ಹಾಕಿದರೆ ಬೆರಳಿರಲಿ, ಸೂಜಿ ತೂರಲೂ ಜಾಗವಿಲ್ಲ.

"ಏನಮ್ಮ ಇದು, ಹದಿನಾಲ್ಕು ಅಂತ ಹದಿಮೂರೂವರೆ ಕತ್ತರಿಸಿದ್ದೀಯಲ್ಲ!" ಎಂದು ಮಾಸ್ಟರು ಸಿಡುಕಿದರು.

"ಇಲ್ಲ ಮಾಸ್ಟರೇ, ಅಳೆದೇ ಕತ್ತರಿಸಿದ್ದು."

ಎಲ್ಲರೂ ಕಾಲರಕ್ಕನ ಕಡೆ ತಿರುಗಿದರು. ಈ ನಡುವೆ ಉಗುಳು ನುಂಗುವಾಗ ಏನೋ ಅಡ್ಡ ಬಂದಂತಾಗುವುದು ಅವಳಿಗೆ ಗೊತ್ತಿತ್ತು. ಆದರೆ ಕುತ್ತಿಗೆಯೂ ದಪ್ಪವಾಗಿದೆ ಎಂದರೆ ಇಲ್ಲಿಯೂ ಅದೇ ನೋಟ, ಅದೇ ಮೆತ್ತಗಿನ ಪ್ರಶ್ನೆ. ಅದನ್ನು ನೆನೆಸಿಕೊಂಡೇ ಅವಳ ಬಾಯಿ ತಾನಾಗಿ ಆಡಿಬಿಟ್ಟಿತು: "ನನ್ನ ಕುತ್ತಿಗೆ ಇಪ್ಪತ್ತೆರಡು ವರ್ಷದಿಂದ ಹದಿನಾಲ್ಕೇ. ಸೊಂಟ ಬೇಕಾದ್ರೆ ದಪ್ಪ ಆಗುತ್ತೆ, ಕುತ್ತಿಗೆ ಆಗುತ್ತಾ? ಕತ್ತರಿ ತಪ್ಪಿರ್ಬೇಕು."

ಅಲ್ಲಿಗೆ ತೀರ್ಮಾನವಾಯಿತು. ಹೊಸಬಳು ಇನ್ನಷ್ಟು ಬಟ್ಟೆ ಮೇಜಿನ ಮೇಲೆ ಹರಡಿದಳು. ಅರವತ್ತು ಕಾಲರನ್ನೂ ಅರ್ಧರ್ಧ ಇಂಚು ದೊಡ್ಡದಾಗಿ ಮತ್ತೆ ಕತ್ತರಿಸಿದಳು.

ಹತ್ತು ದಿನಕ್ಕೆ ಶರ್ಟುಗಳು ಗಂಟುಮೂಟೆ ಸಮೇತ ವಾಪಸ್ಸು ಬಂದವು. ಅರವತ್ತು ಜನಕ್ಕೂ ಕಾಲರು ಸಡಿಲ, ಟೈ ಜೋತುಬೀಳುತ್ತದೆ. ಮಾಸ್ಟರು ಆ ದಿನ ಮೊದಲ ಬಾರಿಗೆ ಕಾಲರು ನೋಡಲು ಟೇಪು ಕೈಗೆತ್ತಿಕೊಂಡರು. ಮೂಲೆಗೆ ಎಸೆದಿದ್ದ ಹದಿನಾಲ್ಕರ ಹಳೆಯ ಕಾಲರುಗಳನ್ನು ಒಂದೊಂದಾಗಿ ಅಳೆದರು. ಹದಿನಾಲ್ಕು, ಹದಿನಾಲ್ಕು, ಹದಿನಾಲ್ಕು. ಆಮೇಲೆ ಕಾಲರಕ್ಕನ ಹಿಂದೆ ಬಂದು ನಿಂತರು.

"ನೆಟ್ಟಗೆ ನಿಲ್ಲು."

ಮಣಿಕಟ್ಟು ಅಳೆದರು, ಭುಜ ಅಳೆದರು, ಅವಳ ಅಳತೆ ಗುರುತು ಹಾಕಿಟ್ಟಿದ್ದ ಹಳೆಯ ಚೀಟಿಯಲ್ಲಿ ಬರೆದಷ್ಟೇ ಇತ್ತು. ಕುತ್ತಿಗೆಯ ಹಿಂಭಾಗ ಅಳೆದರು, ಅದೂ ಅಷ್ಟೇ. ಮುಂಭಾಗಕ್ಕೆ ಬಂದಾಗ ಟೇಪನ್ನು ಎರಡು ಸಲ ಇಟ್ಟು ನೋಡಿದರು. ಕಾಲರಕ್ಕ ಕಣ್ಣು ಮುಚ್ಚಿಕೊಂಡಳು. ಈಗ ಕೇಳುತ್ತಾರೆ, ಏನು ತಿಂತೀಯ ಅಂತ ಕೇಳುತ್ತಾರೆ.

"ಮುಂದ್ಗಡೆ ಮಾತ್ರ ಅರ್ಧ ಇಂಚು ಜಾಸ್ತಿ ಆಗಿದೆ" ಎಂದರು ಮಾಸ್ಟರು. ದನಿಯಲ್ಲಿ ಸಿಡುಕಿರಲಿಲ್ಲ. "ಇದು ಊಟದ ಕೊಬ್ಬಲ್ಲ ತಾಯಿ. ಕೊಬ್ಬು ಬಂದ್ರೆ ಸುತ್ತ ಬರುತ್ತೆ. ನಲವತ್ತು ವರ್ಷದಿಂದ ಜನರ ಕುತ್ತಿಗೆ ನೋಡ್ತಾ ಇದ್ದೀನಿ. ನನ್ನ ಹೆಂಡ್ತಿಗೂ ಹೀಗೇ ಆಗಿತ್ತು. ಮಿಷನ್ ನಿಲ್ಲಿಸು, ಇವತ್ತೇ ಡಾಕ್ಟ್ರ ಹತ್ರ ಹೋಗು."

ಮಗಳೂ ಜೊತೆಗೆ ಬಂದಳು. ರಕ್ತ ಕೊಟ್ಟು, ಸ್ಕ್ಯಾನ್ ಮಾಡಿಸಿ, ಎರಡು ದಿನ ಕಾದು ಮತ್ತೆ ಹೋದಾಗ ಡಾಕ್ಟರಮ್ಮ ಕಾಗದ ನೋಡುತ್ತ ಹೇಳಿದರು: ಕುತ್ತಿಗೆಯಲ್ಲಿರುವ ಥೈರಾಯ್ಡ್ ಗ್ರಂಥಿ ಊದಿಕೊಂಡಿದೆ, ಕೆಲಸವನ್ನು ತೀರಾ ನಿಧಾನ ಮಾಡಿದೆ. ತೂಕ, ಸುಸ್ತು, ಚಳಿ ಎಲ್ಲ ಅದರದೇ. ದಿನಾ ಬೆಳಗ್ಗೆ ಖಾಲಿ ಹೊಟ್ಟೆಗೆ ಒಂದು ಮಾತ್ರೆ, ಹೆದರುವಂಥದ್ದೇನಿಲ್ಲ.

"ಡಯಟ್ಟು, ನಡಿಗೆ ಸರಿಯಾಗೇ ಮಾಡಿದ್ದೀರಿ. ಇಲ್ಲದಿದ್ರೆ ಇನ್ನೂ ಏರಿರೋದು" ಎಂದು ಸೇರಿಸಿದರು.

ಕಾಲರಕ್ಕ ಬಿಕ್ಕಿ ಬಿಕ್ಕಿ ಅಳತೊಡಗಿದಳು. ಡಾಕ್ಟರಮ್ಮ ಗಾಬರಿಯಾಗಿ, ಇದು ದೊಡ್ಡ ಕಾಯಿಲೆಯಲ್ಲ ಎಂದು ಮತ್ತೆ ಮೊದಲಿಂದ ವಿವರಿಸಲು ಹೊರಟರು.

"ಕಾಯಿಲೆಗಲ್ಲ ಡಾಕ್ಟ್ರೇ," ಎಂದಳು ಅವಳು. "ನಾನು ಕದ್ದು ತಿಂದಿರ್ಲಿಲ್ಲ, ಅದಕ್ಕೆ."

ಮಗಳು ಆ ಪುಟ್ಟ ಕೋಣೆಯಲ್ಲಿ ತಲೆ ತಗ್ಗಿಸಿ ಅಮ್ಮನ ಸೆರಗಿನ ಅಂಚನ್ನು ಹಿಡಿದುಕೊಂಡಳು. ಹೊರಗೆ ಬಂದ ಮೇಲೆ ಬೀದಿಯಲ್ಲೇ ತಬ್ಬಿಕೊಂಡು "ನಿನ್ನ ಚೀಲ ನೋಡ್ದೆ ಅಮ್ಮ, ನಾನು" ಎಂದಳು. "ಗೊತ್ತು ಪುಟ್ಟ" ಎಂದಳು ಅವಳು. ಆ ಸಂಜೆ ಮನೆಯಲ್ಲಿ ಮೂವರೂ ಒಟ್ಟಿಗೆ ಕೂತು ಹೊಟ್ಟೆ ತುಂಬ ಉಂಡರು.

ಆದರೆ ಒಂದು ತುತ್ತು ಮಾತ್ರ ಗಂಟಲಿನಿಂದ ಇಳಿಯಲಿಲ್ಲ, ಅದಕ್ಕೆ ಥೈರಾಯ್ಡ್ ಕಾರಣವಲ್ಲ. ಮರುದಿನ ಚಹಾದ ಹೊತ್ತಿಗೆ, ಎಲ್ಲ ಮಿಷನ್ನುಗಳೂ ನಿಂತಿದ್ದಾಗ, ಕಾಲರಕ್ಕ ನೇರವಾಗಿ ಕತ್ತರಿಸುವ ಮೇಜಿನ ಹತ್ತಿರ ಹೋದಳು. ಎಲ್ಲರಿಗೂ ಕೇಳುವಂತೆ ಹೇಳಿದಳು: "ಅವತ್ತು ಕತ್ತರಿ ತಪ್ಪಿದೆ ಅಂದೆನಲ್ಲ, ನನಗೆ ಒಳಗೊಳಗೇ ಅನುಮಾನ ಇತ್ತು. ಆದ್ರೂ ನಿನ್ನ ತಲೆಗೆ ಕಟ್ಟಿದೆ. ತಪ್ಪಾಯ್ತು ಕಣಮ್ಮ."

ಹೊಸಬಳು ಕತ್ತರಿ ಕೆಳಗಿಟ್ಟಳು. "ನಾನು ಮೂರು ಸಲ ಅಳೆದಿದ್ದೆ ಅಕ್ಕ. ಮೂರು ಸಲವೂ ಹದಿನಾಲ್ಕೇ ಬಂತು. ಆದ್ರೆ ಎಲ್ಲರೂ ಸೇರಿ ತಪ್ಪು ಅಂದ್ರೆ ಏನು ಮಾಡೋದು? ನನ್ನ ಕಣ್ಣೇ ಹೋಗಿದೆ ಅಂದ್ಕೊಂಡೆ. ಹೋದ ವಾರ ಕಣ್ಣು ಪರೀಕ್ಷೆ ಮಾಡಿಸ್ಕೊಂಡು ಬಂದೆ."

"ಏನಂದ್ರು?"

"ಚೆನ್ನಾಗೇ ಇದೆ ಅಂದ್ರು. ನಾನೇ ನಂಬಲಿಲ್ಲ. ಇನ್ನೊಂದು ಕಡೆ ಹೋಗಿ ಮತ್ತೆ ತೋರಿಸ್ದೆ."

ಬೆರಳು ಮೂಸಿ ನೋಡಿಕೊಂಡವಳಿಗೆ ಆ ಮಾತಿನ ಬಿಸಿಯನ್ನು ಬೇರೆ ಯಾರೂ ವಿವರಿಸಬೇಕಾಗಿರಲಿಲ್ಲ. ಅವಳು ಮೇಜನ್ನು ಸುತ್ತಿ ಬಂದು ಹೊಸಬಳ ಎರಡೂ ಕೈ ಹಿಡಿದುಕೊಂಡಳು. "ನೀನು ಒಂದು ಎಳೆ ಆಚೆ ಈಚೆ ಕತ್ತರಿಸೋಳಾಗಿದ್ರೆ ಮಾಸ್ಟರು ನನ್ನ ಕುತ್ತಿಗೆಗೆ ಟೇಪು ಇಡ್ತಾನೇ ಇರ್ಲಿಲ್ಲ, ನನ್ನ ಕಾಯಿಲೆ ಇವತ್ತಿಗೂ ಗೊತ್ತಾಗ್ತಿರ್ಲಿಲ್ಲ" ಎಂದಳು. "ನನ್ನನ್ನ ಉಳಿಸಿದ್ದು ಈ ಕೈ ಕಣೇ."

ಹೊಸಬಳ ಕಣ್ಣು ತುಂಬಿ ಬಂತು. ಎರಡು ಕಡೆ ತೋರಿಸಿ, ಚೆನ್ನಾಗಿದೆ ಎನ್ನಿಸಿಕೊಂಡು ಬಂದ ಕಣ್ಣು.