ಕಾಲಿಗೆ ಕಾಲೇ ಮದ್ದು

ನಮ್ಮ ತೆರಕಣಾಂಬಿ ಕಡೆ ಯಾರಾದರೂ ದಪ್ಪಗಾದರೆ 'ದಪ್ಪಗಾಗಿದ್ದೀಯ' ಅನ್ನುವುದಿಲ್ಲ. 'ಚೆನ್ನಾಗಾಗಿದ್ದೀಯ' ಅನ್ನುತ್ತಾರೆ. ಹುಣಸೆ ಮರದಿಂದ ಬಿದ್ದು, ಬೆನ್ನುಹುರಿಗೆ ಪೆಟ್ಟಾಗಿ, ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡವನಿಗೂ ಈ ನಿಯಮದಲ್ಲಿ ರಿಯಾಯಿತಿ ಇಲ್ಲ ಎಂದು ನನಗೆ ಗೊತ್ತಾದದ್ದು ಮಂಚ ಹಿಡಿದ ಮೇಲೆ. ನೋಡಲು ಬಂದ ಸೋದರಮಾವ ನನ್ನ ಕೆನ್ನೆ ಹಿಂಡಿ, "ಬಿದ್ದಿದ್ದೇ ಒಳ್ಳೇದಾಯ್ತು ಕಣ್ಲಾ, ಚೆನ್ನಾಗ್ ಆಗ್ಬುಟ್ಟಿದ್ದೀಯ" ಅಂದ. ಮರ ಹತ್ತುತ್ತಿದ್ದ ದಿನಗಳಲ್ಲಿ ನನ್ನನ್ನು 'ಕಡ್ಡಿ' ಎಂದು ಕರೆಯುತ್ತಿದ್ದವನೂ ಅವನೇ.

ಅವನ ತಪ್ಪಲ್ಲ ಬಿಡಿ. ಬಂದವರಿಗೆ ಕಾಣುವುದು ಹೊದಿಕೆಯಿಂದ ಮೇಲಿನ ನಾನು: ಕೆನ್ನೆ, ಕುತ್ತಿಗೆ, ಹೊಟ್ಟೆ. ಹೊದಿಕೆಯ ಕೆಳಗೆ ಬೇರೆಯೇ ಸಮಾಚಾರ. ತೊಡೆಯ ಮಾಂಸ ಇಳಿದು ಹೋಗಿ, ಮಂಡಿಯ ಗಂಟು ಮಾತ್ರ ಉಳಿದು, ಕಾಲುಗಳು ನುಗ್ಗೆಕಾಯಿಯ ಹಾಗೆ ಆಗಿದ್ದವು. ಅವನ್ನು ನೋಡಿದವಳು ನನಗೆ ಸ್ನಾನ ಮಾಡಿಸುವ ಹೆಂಡತಿ ಒಬ್ಬಳೇ. ಹೊದಿಕೆ ತೆಗೆಯುವ ಹೊತ್ತಿಗೆ ಸರಿಯಾಗಿ ಅವ್ವನಿಗೆ ಹಿತ್ತಲಲ್ಲಿ ಏನಾದರೂ ಕೆಲಸ ನೆನಪಾಗುತ್ತಿತ್ತು.

ಚಾಮರಾಜನಗರದ ಫಿಸಿಯೋಥೆರಪಿ ಮೇಡಂ ಬಿಡಿಸಿ ಹೇಳಿದ್ದರು. "ಕೆಲಸ ಇಲ್ಲದ ಸ್ನಾಯು ಕರಗುತ್ತೆ, ಆ ಜಾಗಕ್ಕೆ ಕೊಬ್ಬು ಬಂದು ಕೂರುತ್ತೆ. ತೂಕದ ಮೆಷಿನ್ ನಂಬಬೇಡಿ, ಅದಕ್ಕೆ ಮಾಂಸ ಯಾವುದು, ಕೊಬ್ಬು ಯಾವುದು ಗೊತ್ತಾಗಲ್ಲ. ಮುದ್ದೆ ಕಡಿಮೆ ಮಾಡಿ, ಕಾಳು ಜಾಸ್ತಿ ತಿನ್ನಿ, ತೋಳು ಬೆಳೆಸಿ. ಮಂಚದಿಂದ ಗಾಲಿ ಕುರ್ಚಿಗೆ ನೀವೇ ಜರುಗಬೇಕು."

ಅದು ನನಗೂ ಬೇಕಿತ್ತು, ಹೆಂಡತಿಗೆ ಇನ್ನೂ ಬೇಕಿತ್ತು. ನನ್ನನ್ನು ಎತ್ತಿ ಇಳಿಸಿ ಅವಳ ನಡು ಹಿಡಿದುಕೊಂಡಿತ್ತು. ನಾನು ಬಿದ್ದ ಮೇಲೆ ಅವಳು ತವರಿಗೆ, ಇಲ್ಲೇ ಚಾಮರಾಜನಗರದ ಪಕ್ಕದ ಹರದನಹಳ್ಳಿಗೆ, ಒಂದು ರಾತ್ರಿಯ ಮಟ್ಟಿಗೂ ಹೋಗಿರಲಿಲ್ಲ. ಈಗ ಅವಳ ತಂಗಿಯ ಸೀಮಂತ ಗೊತ್ತಾಗಿತ್ತು. ಅಷ್ಟರಲ್ಲಿ ನಾನೇ ಕುರ್ಚಿಗೆ ಜರುಗುವುದನ್ನು ಕಲಿತರೆ ಅವಳು ಹೋಗಬಹುದು ಎಂದು ಮಾತಾಗಿತ್ತು.

ಆದರೆ ಅವ್ವನ ವೈದ್ಯವೇ ಬೇರೆ. ಸೋದರಮಾವ ಗುಂಡ್ಲುಪೇಟೆಯಿಂದ ಮೇಕೆ ಕಾಲು ತರುವುದು, ಅವ್ವ ಅದನ್ನು ಸುಟ್ಟು, ಕೆರೆದು, ಸೂಪು ಕುದಿಸುವುದು. "ಕಾಲ್ಗೆ ಕಾಲೇ ಮದ್ದು ಕಣ, ಕುಡ್ದ್ಬುಡು. ಆ ಮೇಡಮ್ಮಂಗೇನ್ ಗೊತ್ತು? ಅವ್ರೇ ಒಣಗ್ಕೊಂಡವ್ರೆ." ಗುಡ್ಡವೆಲ್ಲ ಹತ್ತಿ ಇಳಿದ ಮೇಕೆಯ ಕಾಲು ನನ್ನ ಹೊಟ್ಟೆಯವರೆಗೆ ಬಂದು ಅಲ್ಲೇ ಕೂತುಬಿಡುತ್ತಿತ್ತು, ಮುಂದಕ್ಕೆ ಒಂದು ಹೆಜ್ಜೆ ಇಡುತ್ತಿರಲಿಲ್ಲ. ಜೊತೆಗೆ ತುಪ್ಪ ಹಾಕಿದ ಮುದ್ದೆ. ಬೇಡ ಅಂದರೆ ಕಣ್ಣೀರು. ಊಟ ಬಲ್ಲವನಿಗೆ ರೋಗವಿಲ್ಲ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಊಟ ಬಲ್ಲವಳು ಅವ್ವ, ಉಣ್ಣುವವನು ನಾನು. ಮರಳು ತುಂಬಿದ ಬಾಟಲಿ ಎತ್ತಿ ಎತ್ತಿ ನನ್ನ ತೋಳು ಒಂದು ಕಾಳಿನಷ್ಟು ಬೆಳೆದರೆ ಹೊಟ್ಟೆ ಒಂದು ಮುದ್ದೆಯಷ್ಟು ಬೆಳೆಯುತ್ತಿತ್ತು.

ಸೀಮಂತದ ಬೆಳಿಗ್ಗೆ ಹೆಂಡತಿ ರೇಷ್ಮೆ ಸೀರೆ ಉಟ್ಟು, ಬ್ಯಾಗನ್ನು ಬಾಗಿಲ ಬಳಿ ಇಟ್ಟು, ಮಂಚಕ್ಕೂ ಕುರ್ಚಿಗೂ ನಡುವೆ ಹಲಗೆ ಹಾಕಿದಳು. ನಾನು ಕೈ ಊರಿದೆ. ತೋಳು ನಡುಗಿತು, ಊರೆಲ್ಲ ಮೆಚ್ಚಿದ ಹೊಟ್ಟೆ ಮುಂದಕ್ಕೆ ಎಳೆಯಿತು, ಹಲಗೆ ಸಮೇತ ನೆಲಕ್ಕೆ ಬಂದೆ.

"ಅತ್ತೆ, ಬನ್ನಿ, ಕಾಲ್ ಇಡ್ಕೊಳಿ" ಎಂದು ಕೂಗಿ ಅವಳು ನನ್ನ ಕಂಕುಳಿಗೆ ಕೈ ಹಾಕಿದಳು. ಅವ್ವ ಓಡಿ ಬಂದು ಬಲ ಹಾಕಿ ಎತ್ತಿದಳು. ಭಾರ ಇರುತ್ತದೆ ಅಂದುಕೊಂಡಿದ್ದಳು. ಕಾಲುಗಳು ತಟ್ಟನೆ ಮೇಲೆ ಬಂದುಬಿಟ್ಟವು, ಅವ್ವನೇ ಹಿಂದಕ್ಕೆ ವಾಲಿದಳು. ಅತ್ತ ಹೆಂಡತಿ ಹಲ್ಲು ಕಚ್ಚಿ, ಉಳಿದ ನನ್ನನ್ನೆಲ್ಲ ಒಬ್ಬಳೇ ಮಂಚಕ್ಕೆ ಎಳೆದು ಹಾಕಿ, ನಡು ಹಿಡಿದು ಕೂತಳು. ಅವ್ವ ನನ್ನ ಮೀನಖಂಡವನ್ನು ಸುತ್ತಿ ಹಿಡಿದಳು. ಅವಳ ಹೆಬ್ಬೆರಳೂ ನಡುಬೆರಳೂ ಆ ಕಡೆ ಸೇರಿಕೊಂಡವು.

"ಇಲ್ಲಿ ಏನೂ ಇಲ್ವಲ್ಲ ಮಗ" ಅಂದಳು. "ನಾ ಇಷ್ಟ್ ದಿನ ಮಾಡಾಕಿದ್ದೆಲ್ಲಾ ಎಲ್ಲೋಯ್ತು?"

ನನಗೆ ಅಳು ಬಂತು. ಅವ್ವನಿಗೂ ಬಂತು. ಹೆಂಡತಿ ಮಾತ್ರ ಅಳಲಿಲ್ಲ, ಎದ್ದು ಹೋಗಿ ಸೀರೆ ಬದಲಿಸಿಕೊಂಡು ಬಂದಳು. ಸ್ವಲ್ಪ ಹೊತ್ತಿಗೆ ತಂಗಿಯ ಫೋನು ಬಂತು. "ಬಸ್ಸೇ ಸಿಕ್ನಿಲ್ಲ ಕಣಮ್ಮಿ, ಏನ್ ಮಾಡನ" ಅಂದಳು ಹೆಂಡತಿ.

ನಮ್ಮ ಮನೆ ಬಸ್ ಸ್ಟಾಂಡಿನ ಎದುರಿಗೇ ಇದೆ. ಅವಳು ಹಾಗೆ ಹೇಳುವಾಗಲೂ ಚಾಮರಾಜನಗರದ ಬಸ್ಸು ಹಾರ್ನ್ ಹೊಡೆಯುತ್ತ ನಿಂತಿತ್ತು.